ಸತುರ್ನಿನಾ ಕೇಳಿದ ಕೋಣೆ

ಸತುರ್ನಿನಾ ಕಾಲಿಸಾಯಾ ನಮ್ಮ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ನಮ್ಮ ಹೋಟೆಲು ಅಂದರೆ ಲಾ ಪಾಸ್ ನಗರದ ಬಸ್ ನಿಲ್ದಾಣದಿಂದ ಕೆಳಗಿಳಿಯುವ ಬೀದಿಯಲ್ಲಿದ್ದ ದೋನ್ ಎವರಿಸ್ತೊ ಅವರ ಅಗ್ಗದ ವಸತಿಗೃಹ. ಬಿಸಿನೀರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಗೋಡೆ ಎಷ್ಟು ತೆಳುವೆಂದರೆ ಒಂದು ಕೋಣೆಯವನು ಸೀನಿದರೆ ಪಕ್ಕದ ಕೋಣೆಯವನು "ನೂರು ವರ್ಷ ಬಾಳಪ್ಪ" ಅನ್ನುತ್ತಿದ್ದ. ಆದರೂ ಜನ ಬರುತ್ತಿದ್ದರು. ಪೆರುವಿನ ವ್ಯಾಪಾರಿಗಳು, ಬೆನ್ನಿಗೆ ಚೀಲ ಹೇರಿಕೊಂಡ ಬಿಳಿ ಹುಡುಗ ಹುಡುಗಿಯರು, ಕೊಚಬಾಂಬಾದ ಬಟ್ಟೆ ಏಜೆಂಟರು. ನಾನು ಅಲ್ಲಿ ಅಡುಗೆಯವಳು. ಬೆಳಗಿನ ರೊಟ್ಟಿ ಕಾಫಿ, ಮಧ್ಯಾಹ್ನದ ಸಾರು ನನ್ನ ಪಾಲಿನ ಕೆಲಸ.

ಸತುರ್ನಿನಾ ಐವತ್ತರ ಆಸುಪಾಸಿನ ವಿಧವೆ. ಅಗಲವಾದ ಭುಜ, ತಣ್ಣೀರಿನಲ್ಲಿ ನೆನೆದು ಕೆಂಪಾದ ಕೈ, ಮೂರು ಮನೆಗೆ ಕೇಳುವಂಥ ನಗು. ನಗುವಷ್ಟೇ ಜಗಳವೂ ಅವಳಿಗೆ ಸಲೀಸು. ಮಾಂಸದಂಗಡಿಯವನು ತಕ್ಕಡಿಗೆ ಹೆಬ್ಬೆರಳು ತಾಗಿಸಿದರೆ, "ಆ ಬೆರಳನ್ನೂ ಕತ್ತರಿಸಿ ಕೊಡಪ್ಪ, ಸಾರಿಗೆ ಹಾಕ್ತೀನಿ" ಅನ್ನುವವಳು. ಮೇಲೆ, ಬೆಟ್ಟದ ಅಂಚಿನ ಎಲ್ ಆಲ್ತೊದಲ್ಲಿ ಮಣ್ಣಿಟ್ಟಿಗೆಯ ಒಂದು ಕೋಣೆ ಅವಳ ಮನೆ. ದಿನವೂ ಅಲ್ಲಿಂದ ಇಳಿದು ಬಂದು, ಹಿಂದಿನ ಗಲ್ಲಿಯ ಕಬ್ಬಿಣದ ಮೆಟ್ಟಿಲು ಹತ್ತಿ, ತಾರಸಿಯ ಮೇಲಿನ ಕಲ್ಲು ತೊಟ್ಟಿಯಲ್ಲಿ ಇಡೀ ಹೋಟೆಲಿನ ಬಟ್ಟೆ ಒಗೆದು ಹಾಕುತ್ತಿದ್ದಳು.

ಮುಂಬಾಗಿಲಿನಿಂದ ಅವಳು ಬರುವಂತಿರಲಿಲ್ಲ. ನೆರಿಗೆ ಲಂಗ ಉಟ್ಟು, ಎರಡು ಜಡೆ ಇಳಿಬಿಟ್ಟು, ದುಂಡು ಟೋಪಿ ಇಟ್ಟ ಮೂಲನಿವಾಸಿ ಹೆಂಗಸಿಗೆ ಮುಂಬಾಗಿಲೂ ಇಲ್ಲ, ಊಟದ ಕೋಣೆಯೂ ಇಲ್ಲ, ದುಡ್ಡು ಕೊಟ್ಟರೂ ಮಲಗುವ ಕೋಣೆ ಇಲ್ಲ. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಅಂಥವಳೊಬ್ಬಳು ಬಂದು ಕೇಳಿದರೆ ಯಜಮಾನರು ತಲೆ ಎತ್ತದೆ "ತುಂಬಿದೆ" ಅನ್ನುತ್ತಿದ್ದರು, ಅಷ್ಟೆ. ಆ ಕಾಲಕ್ಕೆ ನಮ್ಮ ಬೀದಿಯ ಬಹುಪಾಲು ಹೋಟೆಲುಗಳ ರೀತಿಯೇ ಅದು. ನನ್ನ ತಾಯಿಯೂ ಸಾಯುವ ತನಕ ನೆರಿಗೆ ಲಂಗವನ್ನೇ ಉಟ್ಟವಳು. ನಾನು ಚಿಕ್ಕಂದಿನಲ್ಲೇ ಮನೆಗೆಲಸಕ್ಕೆ ಸೇರಿದೆ. ಅಲ್ಲಿನ ಒಡತಿ ನನಗೆ ಗೌನು ತೊಡಿಸಿದಳು, ಅದೇ ಉಳಿದುಬಿಟ್ಟಿತು. ಹಾಗಾಗಿ ಊಟದ ಕೋಣೆಗೆ ತಟ್ಟೆ ಒಯ್ಯಲು ನನಗೆ ಅಡ್ಡಿಯಿರಲಿಲ್ಲ.

ಒಂದು ವರ್ಷ, ನಮ್ಮಲ್ಲಿ ಕಡು ಚಳಿಗಾಲವಾದ ಜುಲೈ ತಿಂಗಳಲ್ಲಿ ಸತುರ್ನಿನಾಳ ಅಕ್ಕ ಬಸಿಲಿಯಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೊಡ್ಡ ಸರೋವರದ ಕಡೆಯ ಹಳ್ಳಿಯಿಂದ ಬಂದಳು. ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, "ಧೂಳಿಗೆ ಹೋಗಬೇಡ, ಬಗ್ಗಬೇಡ, ಮೂರನೇ ದಿನ ಬಾ, ಪಟ್ಟಿ ಬಿಚ್ಚುತ್ತೇವೆ" ಎಂದು ಕಳಿಸಿದರು. ಅದೇ ಮಧ್ಯಾಹ್ನ ಬಸ್ಸು ಲಾರಿಯವರು ಮುಷ್ಕರ ಹೂಡಿ ಎಲ್ ಆಲ್ತೊದ ದಾರಿಗೆಲ್ಲ ಕಲ್ಲು ಅಡ್ಡ ಇಟ್ಟರು. ಊರಿಂದ ಒಂದು ಗಾಡಿ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಕಣ್ಣು ಕಟ್ಟಿದ ಅಕ್ಕನನ್ನು ಆ ಕಡಿದಾದ ಬೆಟ್ಟ ನಡೆಸಿಕೊಂಡು ಹತ್ತಿಸುವುದು ಆಗದ ಮಾತು.

ಸತುರ್ನಿನಾ ಯಜಮಾನರ ಮುಂದೆ ನಿಂತಳು. "ಒಂದೆರಡು ರಾತ್ರಿ, ಯಾವುದಾದ್ರೂ ಒಂದು ಮೂಲೆ ಕೋಣೆ. ಬಾಡಿಗೆ ಕೊಡ್ತೀನಿ ಯಜಮಾನ್ರೆ."

"ನಿನಗೆ ಗೊತ್ತಲ್ಲ ನಮ್ಮ ರೀತಿ. ಬೇಕಿದ್ರೆ ಮೇಲೆ ತಾರಸಿಯ ಬಟ್ಟೆ ಕೋಣೇಲಿ ಇರ್ಲಿ. ಅದಕ್ಕೆ ನಾನೇನೂ ಕೇಳಲ್ಲ" ಅಂದರು ದೋನ್ ಎವರಿಸ್ತೊ. ದೊಡ್ಡ ಉಪಕಾರ ಮಾಡಿದೆ ಅಂತಲೇ ಅವರ ಎಣಿಕೆ.

ಮರುದಿನ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ತಾರಸಿಗೆ ಹೋದಾಗ ಬಸಿಲಿಯಾ ಕೊಳೆ ಬಟ್ಟೆಯ ರಾಶಿಗೆ ಒರಗಿ ಕೂತಿದ್ದಳು. ಕಾಲಡಿಯ ನೆಲದಲ್ಲಿ ನೀರು ಹೆಪ್ಪುಗಟ್ಟಿತ್ತು. ತುಟಿ ನೀಲಿಯಾಗಿತ್ತು. ಆದರೂ ಅವಳು, "ಚೆನ್ನಾಗೇ ಇದ್ದೆ ಕಣಮ್ಮ, ಕುರಿ ಕೊಟ್ಟಿಗೆಗಿಂತ ವಾಸಿ" ಅಂದಳು. ಸತುರ್ನಿನಾ ಒದ್ದೆ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. ಗಂಟಿನಿಂದ, ಆಸ್ಪತ್ರೆಗೆ ಉಟ್ಟುಹೋಗಲು ತಂದಿದ್ದ ಹಬ್ಬದ ಹಸಿರು ಲಂಗ ತೆಗೆದು ಉಟ್ಟಳು, ಜಡೆ ಹೊಸದಾಗಿ ಹೆಣೆದಳು, ಶಾಲಿಗೆ ಪಿನ್ನು ಚುಚ್ಚಿದಳು.

"ಏನು ಮಾಡ್ತಿದ್ದೀಯ ತಂಗಿ, ಸದ್ದೇ ಇಲ್ಲ?" ಅಂದಳು ಬಸಿಲಿಯಾ.

"ಹೋಟೆಲಿಗೆ ಹೋಗೋಣ ನಡಿ ಅಕ್ಕ."

ಅಕ್ಕನ ಕೈ ಹಿಡಿದು ಕಬ್ಬಿಣದ ಮೆಟ್ಟಿಲು ಇಳಿದು, ಗಲ್ಲಿ ಸುತ್ತಿ, ಬೀದಿಗೆ ಬಂದು, ಮುಂಬಾಗಿಲನ್ನು ತಳ್ಳಿ ಒಳಗೆ ಬಂದಳು. ನಾನು ಓಡೋಡಿ ಒಳಮೆಟ್ಟಿಲಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು, "ಇಬ್ಬರಿಗೆ ಒಂದು ಕೋಣೆ. ಬೀದಿ ಕಡೇದು" ಅಂದಳು.

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ತಲೆ ಕೆಟ್ಟಿದೆಯೇನೇ? ಮೇಲೆ ಬಟ್ಟೆ ರಾಶಿ ಬಿದ್ದಿದೆ, ಹೋಗು."

"ಬಟ್ಟೆ ಒಗೆಯೋಳು ಕೆಲಸ ಬಿಟ್ಟಳು. ನಾನು ಗಿರಾಕಿ. ಗಿರಾಕಿನ ಹೋಗು ಬಾ ಅಂತೀರಾ ನೀವು? ಬನ್ನಿ ಹೋಗಿ ಅನ್ನಿ."

ದೋನ್ ಎವರಿಸ್ತೊ ಅವರ ಮುಖ ಬೀಟ್‌ರೂಟಿನಂತಾಯಿತು. "ಕೋಣೆ ಇಲ್ಲ. ತುಂಬಿದೆ."

"ಒಂದೂ ಇಲ್ವಾ?"

"ಒಂದೂ ಇಲ್ಲ!"

"ಸರಿ. ಖಾಲಿ ಆಗೋ ತನಕ ಕಾಯ್ತೀವಿ" ಎಂದು ಸತುರ್ನಿನಾ ಬಾಗಿಲ ಎದುರಿನ ಸೋಫಾದ ಮೇಲೆ ಅಕ್ಕನನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಇಬ್ಬರ ಲಂಗಗಳು ಹರಡಿ ಸೋಫಾ ಪೂರಾ ಮುಚ್ಚಿಹೋಯಿತು.

ಯಜಮಾನರ ಮೇಜಿನ ಹಿಂದೆ ಆ ಹೊತ್ತಿಗೆ ಖಾಲಿಯಿದ್ದ ಅರ್ಧಕ್ಕರ್ಧ ಕೋಣೆಗಳ ಬೀಗದ ಕೈಗಳು ನೇತಾಡುತ್ತಿದ್ದವು. ಮುಷ್ಕರದ ದಿನ ಬೇರೆ. ಬಸ್ಸಿಲ್ಲದೆ ನಿಲ್ದಾಣದಿಂದ ಹಿಂತಿರುಗಿದ ಜನ ಕೋಣೆ ಹುಡುಕುತ್ತಾ ಬೀದಿ ಇಳಿಯಲು ಶುರು ಮಾಡಿದ್ದರು. ಮೊದಲು ಬಂದವನು ಪುನೋ ಕಡೆಯ ಚರ್ಮದ ವ್ಯಾಪಾರಿ. ಅವನು ಬಾಯಿ ತೆರೆಯುವ ಮೊದಲೇ ಸೋಫಾದಿಂದ ದನಿ ಬಂತು:

"ಕೋಣೆ ಇಲ್ಲ ಸ್ವಾಮಿ. ಒಂದೂ ಇಲ್ಲವಂತೆ. ಯಜಮಾನ್ರೇ ಈಗ ತಾನೆ ಹೇಳಿದ್ರು."

ವ್ಯಾಪಾರಿ ಯಜಮಾನರ ಕಡೆ ನೋಡಿದ. ಅವರು ಬೀಗದ ಕೈಗಳ ಕಡೆ ನೋಡಿದರು, ಸತುರ್ನಿನಾಳ ಕಡೆ ನೋಡಿದರು. ಈಗ ಇದೆ ಅಂದರೆ ಅವಳಿಗೂ ಕೊಡಬೇಕು. ಹಲ್ಲು ಕಚ್ಚಿ "ತುಂಬಿದೆ" ಅಂದರು. ವ್ಯಾಪಾರಿ ಹೋದ.

"ಯಾರು ಬಂದಿದ್ದು?" ಅಂದಳು ಬಸಿಲಿಯಾ.

"ಯಾರೋ ಪಾಪ, ದೊಡ್ಡ ಪೆಟ್ಟಿಗೆ ಹೊತ್ತಿದ್ದ."

"ಅವನಿಗೂ ಇಲ್ವಂತಾ? ಅಯ್ಯೋ, ಅವನೂ ಲಂಗ ಉಟ್ಟಿದ್ನಾ?"

ನಾನು ಸೆರಗಿಲ್ಲದ ಹೆಂಗಸು, ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡು ನಕ್ಕೆ.

ಆಮೇಲೆ ಜರ್ಮನಿಯ ಜೋಡಿಯೊಂದು ಬಂತು. ಭಾಷೆ ಸರಿಯಾಗಿ ಬಾರದ ಅವರಿಗೆ ಸತುರ್ನಿನಾ ಎರಡೂ ಕೈ ಅಲ್ಲಾಡಿಸಿ ತೋರಿಸಿದಳು. ಗಂಡ ಹೆಂಡತಿ ಮಕ್ಕಳಿದ್ದ ಒಂದು ಕುಟುಂಬ ಬಂತು, ಅವರನ್ನು ಮಾತ್ರ ಎದ್ದು ಬಾಗಿಲ ತನಕ ಹೋಗಿ, "ಕೆಳಗಿನ ತಿರುವಿನಲ್ಲಿ ಇನ್ನೊಂದಿದೆ, ಅಲ್ಲಿ ಕೇಳಿ" ಎಂದು ದಾರಿ ತೋರಿಸಿ ಕಳಿಸಿದಳು. ಒಬ್ಬನಿಗೆ ಯಜಮಾನರು ಪಿಸುಮಾತಿನಲ್ಲಿ ಏನೋ ಹೇಳಿ ಗೋಡೆಯ ಮೇಲಿನ ಬೀಗದ ಕೈಗೆ ಕೈ ಚಾಚುವಷ್ಟರಲ್ಲಿ, "ಓ, ಖಾಲಿ ಆಯ್ತಾ? ಸಾಲಿನಲ್ಲಿ ನಾವು ಮುಂದಿದ್ದೀವಿ" ಎಂದು ಅವಳು ಎದ್ದೇ ನಿಂತಳು. ಕೈ ಹಿಂದಕ್ಕೆ ಬಂತು.

ಮಧ್ಯಾಹ್ನ ನಾನು ಒಣ ಆಲೂಗಡ್ಡೆ ಹಾಕಿದ ಕುರಿ ಮಾಂಸದ ಸಾರನ್ನು ಎರಡು ಬಟ್ಟಲಿಗೆ ಬಗ್ಗಿಸಿ, ಯಜಮಾನರ ಕಣ್ಣೆದುರೇ ಹಾದು ಸೋಫಾಕ್ಕೆ ಕೊಂಡುಹೋದೆ. "ನಿನಗೂ ಕೆಲಸ ಬೇಡವಾಯ್ತಾ?" ಅಂದರು. "ಬೇಡವಾದ್ರೆ ನಾನೇ ಹೇಳ್ತೀನಿ ಬಿಡಿ" ಅಂದೆ. ಅಡುಗೆಯವಳನ್ನೂ ಕಳಕೊಳ್ಳುವ ಧೈರ್ಯ ಆವತ್ತು ಅವರಿಗಿರಲಿಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿ, ಎದುರು ಮೂಲೆಯಲ್ಲಿ ಹಣ್ಣು ಮಾರುವ ಇಲಾರಿಯಾ ತನ್ನ ನೂಲು, ಹೆಣಿಗೆ ಕಡ್ಡಿ ಸಮೇತ ಬಂದು, ಜಾಗವಿಲ್ಲದೆ ಸೋಫಾದ ತೋಳಿನ ಮೇಲೆ ಕೂತು, "ನನಗೂ ಒಂದು ಕೋಣೆ ಬೇಕಿತ್ತು, ಅವಸರವೇನಿಲ್ಲ" ಎಂದು ಹೆಣೆಯತೊಡಗಿದಳು.

ಕೊನೆಗೆ ಯಜಮಾನರು ಪೊಲೀಸರನ್ನು ಕರೆಸಿದರು. ಬಂದವನು ಒರುರೊ ಕಡೆಯ ಎಳೆ ಪೇದೆ. ಬೆಳಗಿನಿಂದ ಮುಷ್ಕರದ ಕಲ್ಲುಗಳ ನಡುವೆ ನಿಂತು ಸುಸ್ತಾಗಿದ್ದ.

"ಏಳಿ ಅಮ್ಮ."

"ಯಾಕಪ್ಪ? ಕೂತಿರೋದು ಅಪರಾಧನಾ? ಕೋಣೆ ಕೇಳಿದ್ದೀನಿ, ಇಲ್ಲ ಅಂದಿದ್ದಾರೆ, ಕಾಯ್ತಿದ್ದೀನಿ. ಎಬ್ಬಿಸಲೇಬೇಕು ಅಂದ್ರೆ ಎತ್ಕೊಂಡು ಹೋಗು. ಸೊಂಟ ಹುಷಾರು."

ಪೇದೆ ಅವಳನ್ನೂ, ಕಣ್ಣು ಕಟ್ಟಿದ ಬಸಿಲಿಯಾಳನ್ನೂ, ಗೋಡೆಯ ಮೇಲಿನ ಬೀಗದ ಕೈಗಳನ್ನೂ ಸರದಿಯಲ್ಲಿ ನೋಡಿದ. "ಯಜಮಾನ್ರೆ, ಈ ಕೋಣೆಗಳೆಲ್ಲ ಯಾರಿಗೆ?"

"ಅವು... ಮುಂಚೆಯೇ ಹೇಳಿಟ್ಟವರಿಗೆ."

"ಬಸ್ಸೇ ಇಲ್ಲ. ಎಲ್ಲಿಂದ ಬರ್ತಾರೆ ಅವರು, ಆಕಾಶದಿಂದಾ?" ಎಂದು ಪೇದೆ ಟೋಪಿ ಸರಿಮಾಡಿಕೊಂಡ. "ನನ್ನ ಮಾತು ಕೇಳಿ, ಒಂದು ಕೊಟ್ಟುಬಿಡಿ. ನಾನು ಹೆಂಗಸರನ್ನ ಎತ್ತೋನಲ್ಲ." ಹಾಗೆಂದು ಹೊರಟೇಹೋದ.

ಸಂಜೆ ಬಿಸಿಲು ಎದುರು ಬೆಟ್ಟದ ಮನೆಗಳನ್ನು ಬಿಟ್ಟು ಮೇಲೇರುವ ಹೊತ್ತಿಗೆ ದೋನ್ ಎವರಿಸ್ತೊ ಒಂದು ಬೀಗದ ಕೈಯನ್ನು ಮೇಜಿನ ಮೇಲೆ ಎಸೆದರು. ಸತುರ್ನಿನಾ ಎತ್ತಿ ನೋಡಿದಳು. ಕಕ್ಕಸಿನ ಪಕ್ಕದ, ಕಿಟಕಿಯಿಲ್ಲದ ಕೋಣೆಯದು. ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ನಿನ್ನೆ ಇದನ್ನ ಕೊಟ್ಟಿದ್ರೆ ಕೈಮುಗಿದು ತಗೋತಿದ್ದೆ. ಇವತ್ತು ನಾನು ಕೇಳಿದ್ದು ಬೀದಿ ಕಡೇದು."

"ನಿನಗೆ ಎಷ್ಟು ಸೊಕ್ಕೇ!"

"ನಿನಗೆ ಅಲ್ಲ, ನಿಮಗೆ ಅನ್ನಿ."

ಯಜಮಾನರು ಮೊದಲಿನ ಬೀಗದ ಕೈಯನ್ನು ತಿರುಗಿ ಗೋಡೆಗೆ ನೇತುಹಾಕಿದರು. ಆಮೇಲೆ ಇನ್ನೊಂದು ಬೀಗದ ಕೈ ತೆಗೆದು, ಈ ಸಲ ಎಸೆಯದೆ, ಇಟ್ಟರು. "ತಗೊಳ್ಳಿ" ಅಂದರು. ಆ ಒಂದು ಮಾತಿಗೆ ಇಡೀ ದಿನ ಹಿಡಿದಿತ್ತು. ಸತುರ್ನಿನಾ ಬಾಡಿಗೆಯನ್ನು ಮೊದಲೇ ಕೊಟ್ಟು, ಅಕ್ಕನನ್ನು ನಡೆಸಿಕೊಂಡು ಮುಂಭಾಗದ ಮೆಟ್ಟಿಲು ಹತ್ತಿದಳು. ಇಲಾರಿಯಾ ಹೆಣಿಗೆ ಸುತ್ತಿಕೊಂಡು, "ನನಗೆ ಇವತ್ತಿಗೆ ಬೇಡ, ಮನೇಲಿ ಹಾಸಿಗೆ ಇದೆ" ಎಂದು ಹೊರಟಳು.

ಮಾರನೆಯ ಬೆಳಿಗ್ಗೆ ಅಕ್ಕ ತಂಗಿಯರು ಊಟದ ಕೋಣೆಗೆ ಬಂದು ನಡುವಿನ ಮೇಜಿನಲ್ಲಿ ಕೂತರು. ಅಲ್ಲಿ ತಿನ್ನುತ್ತಿದ್ದ ಬಟ್ಟೆ ಏಜೆಂಟನೊಬ್ಬ ಮೂಗು ಮುರಿದು, ಕಾಫಿ ಎತ್ತಿಕೊಂಡು ಮೂಲೆಯ ಮೇಜಿಗೆ ಹೋದ. "ಉಪಕಾರವಾಯ್ತು ಸ್ವಾಮಿ, ಈಗ ಲಂಗ ಹರಡ್ಕೊಂಡು ಕೂರಬಹುದು" ಅಂದಳು ಸತುರ್ನಿನಾ. ನಾನು ರೊಟ್ಟಿ ಇಡುವಾಗ ಅವಳು ಬಾಗಿಲ ಕಡೆಗೊಮ್ಮೆ ಕಳ್ಳನೋಟ ಹರಿಸಿದಳು. ಅದು ನನಗೆ ಮಾತ್ರ ಕಂಡಿತು. ಹಿಂದಿನ ದಿನ ಪೂರ್ತಿ ಕೂತಿದ್ದವಳಿಗೆ ಹೆದರಿಕೆ ಇರಲಿಲ್ಲವೆಂದು ನಾನು ಹೇಳಲಾರೆ. ಹೆದರಿಕೆಯ ಸಮೇತ ಕೂತಿದ್ದಳು.

ಬಸಿಲಿಯಾಳ ಪಟ್ಟಿ ಬಿಚ್ಚಿದಾಗ ಒಂದು ಕಣ್ಣು ಚೆನ್ನಾಗಿ ಕಂಡಿತು, ಇನ್ನೊಂದು ಮಸುಕಾಗಿಯೇ ಉಳಿಯಿತು. ಆಸ್ಪತ್ರೆಯಿಂದ ಬಂದು ಗಂಟು ತೆಗೆದುಕೊಳ್ಳುವಾಗ ಮೇಜಿನ ಹಿಂದಿದ್ದ ದೋನ್ ಎವರಿಸ್ತೊರನ್ನು ಅವಳು ಮೊದಲ ಬಾರಿಗೆ ನೋಡಿದಳು. ಗಿಡ್ಡ ದೇಹ, ಬೋಳು ತಲೆ. "ಇವರೇನಾ? ದನಿ ಕೇಳಿ ದೊಡ್ಡ ಆಳು ಅನ್ಕೊಂಡಿದ್ದೆ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟಳು.

ಯಜಮಾನರು ಅಷ್ಟಕ್ಕೇ ಬದಲಾಗಲಿಲ್ಲ. ಮುಂದಿನ ವಾರವೇ ಗಡಿ ಕಡೆಯಿಂದ ಬಂದ ಉಣ್ಣೆ ವ್ಯಾಪಾರದ ಹೆಂಗಸೊಬ್ಬಳಿಗೆ "ತುಂಬಿದೆ" ಅಂದರು. ನಾನು ಇಲಾರಿಯಾಗೆ ಹೇಳಿದೆ, ಇಲಾರಿಯಾ ಮೇಲಕ್ಕೆ ಹೇಳಿಕಳಿಸಿದಳು. ಮಧ್ಯಾಹ್ನದೊಳಗೆ ಸತುರ್ನಿನಾ ಎಲ್ ಆಲ್ತೊದ ನಾಲ್ಕಾರು ಹೆಂಗಸರೊಡನೆ ಇಳಿದುಬಂದಳು. ಸೋಫಾದ ಮೇಲೆ ಎಲ್ಲರಿಗೂ ಜಾಗ ಸಾಲದೆ ಉಳಿದವರು ಮೆಟ್ಟಿಲ ಮೇಲೆ ಕೂತರು. ಈ ಸಲ ಯಜಮಾನರು ಸಂಜೆಯ ತನಕ ಕಾಯಲಿಲ್ಲ. ಇನ್ನೂ ಒಂದೆರಡು ಸಲ ಹೀಗಾದ ಮೇಲೆ ನಮ್ಮ ಹೋಟೆಲಿನಲ್ಲಿ ಆ ಮಾತು ನಿಂತಿತು. ಪಕ್ಕದ ಹೋಟೆಲುಗಳಲ್ಲಿ ಇನ್ನೂ ಎಷ್ಟೋ ವರ್ಷ ನಡೆಯಿತು.

ಸತುರ್ನಿನಾ ಕೆಲಸಕ್ಕೆ ಮರಳಲಿಲ್ಲ. ಮೇಲೆ ತನ್ನ ಅಂಗಳದಲ್ಲೇ ತೊಟ್ಟಿ ಕಟ್ಟಿಸಿ, ಮದುವೆ ಮನೆಗಳ, ಕುಣಿತದ ತಂಡಗಳ ಬಟ್ಟೆ ಒಗೆಯತೊಡಗಿದಳು. ಮೊದಲ ಚಳಿಗಾಲ ಕಷ್ಟವಾಯಿತು, ಟೋಪಿಯನ್ನು ಒತ್ತೆಯಿಟ್ಟಳೆಂದೂ ಕೇಳಿದೆ. ನಮ್ಮಲ್ಲಿ ಅವಳ ಜಾಗಕ್ಕೆ ಬಂದವರು ಒಬ್ಬರೂ ನಿಲ್ಲಲಿಲ್ಲ. ಒಂದು ಭಾನುವಾರ ದೋನ್ ಎವರಿಸ್ತೊ ತಾವೇ ಎಲ್ ಆಲ್ತೊ ಹತ್ತಿದರು. ಮನೆ ತೋರಿಸಲು ನನ್ನನ್ನು ಕರೆದೊಯ್ದರು. ಏದುಸಿರು ಬಿಡುತ್ತಾ ಅಂಗಳದಲ್ಲಿ ನಿಂತವರಿಗೆ ಸತುರ್ನಿನಾ ಇದ್ದ ಒಂದೇ ಕುರ್ಚಿ ಹಾಕಿ, ಕೋಕಾ ಎಲೆಯ ಕಷಾಯ ಕೊಟ್ಟಳು.

"ಸಂಬಳ ಜಾಸ್ತಿ ಮಾಡ್ತೀನಿ. ಮುಂಬಾಗಿಲಿಂದಲೇ ಬನ್ನಿ. ಇನ್ನೇನು ಬೇಕು ನಿಮಗೆ?" ಅಂದರು.

"ಕಷಾಯ ಕುಡೀರಿ, ಆರುತ್ತೆ."

"ಹಟ ಬಿಡಿ ಸತುರ್ನಿನಾ. ಆವತ್ತು ಕೇಳಿದ್ದು ಕೊಟ್ಟೆನಲ್ಲ?"

"ನೀವು ಕೊಡಲಿಲ್ಲ ಯಜಮಾನ್ರೆ. ನಾನು ತಗೊಂಡೆ" ಅಂದಳು ಅವಳು, ಕೋಪವಿಲ್ಲದೆ. "ನಮ್ಮಕ್ಕ ಪಟ್ಟಿ ಕಟ್ಕೊಂಡು ಮಂಜುಗಡ್ಡೆ ಮೇಲೆ ಕಾಲಿಟ್ಟು ಕೂತಿದ್ಳು. ನೀವು ಕೆಳಗೆ ಹೊದ್ದು ಮಲಗಿದ್ರಿ. ನಿಮ್ಮ ಬಟ್ಟೆ ಬೇಕಾದ್ರೆ ಇಲ್ಲಿಗೆ ಕಳಿಸಿ, ಒಗೆದು ಕೊಡ್ತೀನಿ. ಎಲ್ಲರಿಗೂ ಇರೋ ದರ. ಹೊತ್ಕೊಂಡು ಬರೋದು, ಇಳಿಸ್ಕೊಂಡು ಹೋಗೋದು ನಿಮ್ಮ ಜವಾಬ್ದಾರಿ."

ದೋನ್ ಎವರಿಸ್ತೊ ಬಟ್ಟಲು ಕೆಳಗಿಟ್ಟು, ನನ್ನ ಮುಖವನ್ನೂ ನೋಡದೆ, ದಾರಿ ಇಳಿದು ಹೋದರು. ನಾನು ಅಲ್ಲೇ ಉಳಿದೆ. ಸತುರ್ನಿನಾ ರವಿಕೆಯ ತೋಳು ಮೇಲಕ್ಕೆ ಮಡಚಿ, ತೊಟ್ಟಿಯಲ್ಲಿ ನೆನೆದಿದ್ದ ಕುಣಿತದವರ ಲಂಗಗಳನ್ನು ಒಂದೊಂದಾಗಿ ಎತ್ತಿ ಹಿಂಡತೊಡಗಿದಳು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊ" ಅಂದಳು.