ಫುಸಾಯೊ ಅಜ್ಜಿಯ ಸೋಲದ ಕಾಲು

ಕೈಯೂರದೆ ಕುರ್ಚಿಯಿಂದ ಏಳುವುದು ಹೇಗೆಂದು ನಗಾನೊ ಬೆಟ್ಟದೂರಿನ ಮುದುಕರಿಗೆ ತೋರಿಸಹೋದ ನಡುವಯಸ್ಸಿನ ಸಂಶೋಧಕ ಕನಮೊರಿ, ಸೊಂಟ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತ. "ನಿಧಾನ ಡಾಕ್ಟ್ರೇ, ವಯಸ್ಸಾಯ್ತು" ಎಂದು ಎತ್ತಿ ನಿಲ್ಲಿಸಿದವಳು ತೊಂಬತ್ತರ ಫುಸಾಯೊ ಅಜ್ಜಿ. ಮುಪ್ಪಿನಲ್ಲಿ ಕಾಲು ಏಕೆ ಸೋಲುತ್ತದೆಂಬ ಅವನ ಅಧ್ಯಯನಕ್ಕೆ ಪ್ರತಿ ವಸಂತದಲ್ಲೂ ತಪ್ಪದೆ ಬರುವ ಈಕೆಯದು ಸೋಲದ ಕಾಲು. "ದಿನಾ ನಡೆಯೋ ಹಾಗೆ ನಡೀರಿ ಅಜ್ಜಿ" ಎಂದರೆ ಬೀಗರ ಮನೆಗೆ ಹೊರಟಂತೆ ಎದೆಯೆತ್ತಿ ನಡೆಯುತ್ತಾಳೆ, ಊರುಗೋಲು ಹಿಡಿದ ಎಪ್ಪತ್ತರವರನ್ನು "ಏನೋ ಮಗು, ಸುಸ್ತಾಯ್ತಾ?" ಎಂದು ಕೆಣಕುತ್ತಾಳೆ. ನಡೆಯಲಾರದ ಗೆಳತಿ ಕಿನುವನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ದಿನವೂ ಏರುದಾರಿಯಲ್ಲಿ ತಳ್ಳಿಕೊಂಡು ಊರು ತೋರಿಸುವವಳೂ ಇವಳೇ. ಇವಳ ಕಾಲು ಸೋತ ದಿನ ಕಿನುವಿಗೆ ಉಳಿಯುವುದು ಮನೆಯ ಕಿಟಕಿ ಮಾತ್ರ. "ವರ್ಷದಿಂದ ವರ್ಷಕ್ಕೆ ನಿಮ್ಮ ಕಾಲು ಗಟ್ಟಿಯಾಗ್ತಿದೆಯಲ್ಲ ಅಜ್ಜಿ, ಏನು ಗುಟ್ಟು?" ಎಂದು ಕನಮೊರಿ ಕೇಳಿದ. ಅಜ್ಜಿ ನಗದೆ, ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದ ಗೆಳತಿಯತ್ತ ಬೆರಳು ತೋರಿಸಿದಳು: "ಇವಳು ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಿದ್ದಾಳಲ್ಲಪ್ಪಾ, ನಾನೇನ್ ಮಾಡ್ಲಿ?"