ನಾಯಕಿ ಬಿಟ್ಟುಕೊಟ್ಟ ಕುರ್ಚಿ

ಗದಗಿನ ಬೀಜದ ಕಂಪನಿಯೊಂದರಲ್ಲಿ ನಾನೀಗ ಏರಿಯಾ ಮ್ಯಾನೇಜರ್. ಮೊದಲು ಸ್ಕೂಟರಿನ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳನ್ನು ಸುತ್ತುತ್ತಿದ್ದೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಒಬ್ಬ ಸಹೋದ್ಯೋಗಿ ಇದ್ದ. ಹಳೆಯ ಮ್ಯಾನೇಜರ್ ಸಾಹೇಬರಿಗೆ ಬೆಳಗಾವಿಗೆ ವರ್ಗವಾದಾಗ, ಅವರ ಜಾಗಕ್ಕೆ ಕೇಳಿಬಂದದ್ದು ನಮ್ಮಿಬ್ಬರ ಹೆಸರು ಮಾತ್ರ.

ಹೋಗುವ ಮುಂಚೆ ಸಾಹೇಬರು ಇಡೀ ಕಚೇರಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರು. ಕಥೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ನೋಡಿದರೆ ದೊಡ್ಡ ಕಂಪನಿ, ಗಾಜಿನ ಕಟ್ಟಡ, ಒಂದೇ ಹುದ್ದೆಗೆ ಬಡಿದಾಡುವ ಒಬ್ಬ ಹುಡುಗ, ಒಬ್ಬ ಹುಡುಗಿ. ಅವನು ಅವಳ ಲ್ಯಾಪ್‌ಟಾಪ್ ಬಚ್ಚಿಡುತ್ತಾನೆ, ಅವಳು ಅವನನ್ನು ಇಲ್ಲದ ಮೀಟಿಂಗಿಗೆ ಬೇರೆ ಊರಿಗೆ ಅಟ್ಟುತ್ತಾಳೆ. ನಮ್ಮ ಸಾಲಿನವರು ಒಬ್ಬೊಬ್ಬರಾಗಿ ನಮ್ಮಿಬ್ಬರ ಕಡೆ ತಿರುಗತೊಡಗಿದರು.

"ಇದು ನಮ್ಮ ಆಫೀಸಿನ ಕಥಿನ ಐತಲ್ಲ!" ಎಂದು ಅಕೌಂಟೆಂಟ್ ಹಿಂದಿನಿಂದ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕು ಪಕ್ಕಕ್ಕೆ ನೋಡಿದೆ. ಅಲ್ಲಿ ಕೂತಿದ್ದ ಆ ಸಹೋದ್ಯೋಗಿ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದ.

ಕೊನೆಗೆ ನಾಯಕಿ ತುಂಬಿದ ಸಭೆಯಲ್ಲಿ ಎದ್ದು ನಿಂತು, ಹುದ್ದೆ ಅವನಿಗೇ ಸಿಗಲಿ ಎಂದು ಹೇಳಿ ಹೊರಟುಬಿಡುತ್ತಾಳೆ. ಅವನು ಲಿಫ್ಟಿನವರೆಗೂ ಓಡಿ ಬಂದು, ನೀನಿಲ್ಲದ ಕುರ್ಚಿ ನನಗೂ ಬೇಡ ಎನ್ನುತ್ತಾನೆ. ಥಿಯೇಟರ್ ತುಂಬ ಸೀಟಿ. ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಆ ಸಿನಿಮಾವೇ ನಮ್ಮಿಬ್ಬರ ಮಾತಾಯಿತು. ಮುಂಡರಗಿ ಕಡೆ ಇಬ್ಬರಿಗೂ ಕೆಲಸವಿದ್ದ ದಿನ ರಸ್ತೆ ಬದಿಯ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ದೂರದ ಕಪ್ಪತಗುಡ್ಡ ನೋಡುತ್ತ ಬುತ್ತಿ ಬಿಚ್ಚುತ್ತಿದ್ದೆವು. ಅವನ ಡಬ್ಬಿಯ ಶೇಂಗಾ ಚಟ್ನಿ ನನ್ನ ರೊಟ್ಟಿಗೆ ಬರುತ್ತಿತ್ತು. ತಂಗಿಯ ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತೇ ನಿಂತುಹೋಗಿತ್ತು. ಆ ದಿನಗಳಲ್ಲಿ ನಾನು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದ್ದೆ.

ಸಂದರ್ಶನ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಅವನು ಕೇಳಿದ.

"ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬಾರದು ಮತ್ತ."

"ಹೇಳ್ರಿ."

"ಮನ್ಯಾಗ ನಿಮ್ಮ ವಿಷಯ ಮಾತಾಡೇನಿ. ಅವ್ವ ಹೂಂ ಅಂದಾಳ."

ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಅವನ ಕಡೆ ತಿರುಗಿದೆ. ಅವನು ಡಬ್ಬಿಯ ಮುಚ್ಚಳ ಹಾಕುತ್ತ ಮುಂದುವರಿಸಿದ. "ಆದ್ರ ನೀವು ಇಂಟರ್‌ವ್ಯೂಕ್ಕ ಹೋಗಬ್ಯಾಡ್ರಿ. ಹೆಂಡತಿ ಕೈಕೆಳಗ ದುಡದ್ರ ಮಂದಿ ಏನಂತಾರ? ಸಿನಿಮಾದಾಗ ಆಕಿ ಬಿಟ್ಟುಕೊಡಲಿಲ್ಲೇನು?"

"ಅವನೂ ಬ್ಯಾಡ ಅಂತ ಓಡಿ ಬಂದ್ನಲ್ರಿ?"

ಅವನು ನಕ್ಕ. "ಅದು ಸಿನಿಮಾ ರೀ."

 ನನಗೆ ಸಿಟ್ಟು ಬರಲಿಲ್ಲ. ಅವನು ಮೋಸ ಮಾಡಿರಲಿಲ್ಲ, ಹೆದರಿಸಿರಲಿಲ್ಲ, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದ್ದ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಸಂದರ್ಶನದ ದಿನ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅಣ್ಣಿಗೇರಿಯಲ್ಲಿ ಇಳಿದು ವಾಪಸು ಹೋಗಿಬಿಡಲೇ ಎಂದು ಬ್ಯಾಗು ಕೈಗೆತ್ತಿಕೊಂಡದ್ದೂ ಉಂಟು. ಆದರೆ ಕೋಣೆಯಲ್ಲಿ ಕೂತು, ಮುಂಡರಗಿ ಕಡೆ ಮಾರಾಟ ಹೇಗೆ ಹೆಚ್ಚಿಸುತ್ತೀರಿ ಎಂದು ಸಂದರ್ಶನದವರು ಕೇಳಿದ್ದೇ ತಡ, ನನಗೆ ಬೇರೆಲ್ಲ ಮರೆತುಹೋಯಿತು. ಅವರು ಸಾಕು ಎನ್ನುವವರೆಗೂ ಮಾತಾಡಿದೆ. ಹೊರಗೆ ಬಂದಾಗ ಒಂದಂತೂ ಸ್ಪಷ್ಟವಾಯಿತು: ಆ ಹುದ್ದೆ ನನಗೆ ಬೇಕಾಗಿತ್ತು, ತುಂಬಾ ಬೇಕಾಗಿತ್ತು.

ಆದೇಶ ನನ್ನ ಹೆಸರಿಗೆ ಬಂತು. ಎಲ್ಲರಿಗಿಂತ ಮೊದಲು ಬಂದು ಅಭಿನಂದಿಸಿದವನು ಅವನೇ. "ಛಲೋ ಆತ್ರಿ, ಮೇಡಂ" ಎಂದ. ಅಲ್ಲಿಯವರೆಗೆ ಒಮ್ಮೆಯೂ ಅವನು ನನ್ನನ್ನು ಮೇಡಂ ಎಂದಿರಲಿಲ್ಲ. ಸ್ವಲ್ಪ ದಿನದಲ್ಲಿ ಲಕ್ಷ್ಮೇಶ್ವರದಲ್ಲಿ ಬೇರೆ ಕಂಪನಿ ಸೇರಿಕೊಂಡ.

ಕಚೇರಿಯಲ್ಲಿ ಯಾರೂ ಅವನ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಕ್ಯಾಬಿನ್ನಿನ ಬಾಗಿಲು ತೆರೆದರೆ ಹೊರಗಿನ ಹರಟೆ ನಿಲ್ಲುತ್ತಿತ್ತು. ಒಂದು ದಿನ ಮೊದಲಿನ ಹಾಗೆ ಎಲ್ಲರ ಜೊತೆ ಊಟಕ್ಕೆ ಕೂರಲು ಹೋದೆ. ಎಲ್ಲರೂ ಎದ್ದು ನಿಂತರು. ಒಬ್ಬರು ಕುರ್ಚಿ ಒರೆಸಿ ಕೊಟ್ಟರು. ಆಮೇಲೆ ಆ ಮೇಜಿನ ಮೇಲೆ ಬರೀ ಕೆಲಸದ ಮಾತು. ಮರುದಿನದಿಂದ ಒಳಗೇ ಉಣ್ಣತೊಡಗಿದೆ.

ಹೋದ ಮುಂಗಾರಿಗೆ ಮುಂಚೆ ಮುಂಡರಗಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಸಿಕ್ಕ. ಅವನ ಮದುವೆಯಾದದ್ದನ್ನು ಅಂಗಡಿಯವರೊಬ್ಬರಿಂದ ಕೇಳಿದ್ದೆ.

"ಆರಾಮ ಅದೀರೇನ್ರಿ?" ಎಂದ.

"ಆರಾಮ. ನೀವು?"

"ನಡದೈತ್ರಿ."

ಇನ್ನೇನೋ ಹೇಳುವವನಂತೆ ನಿಂತಿದ್ದ. ಅಷ್ಟರಲ್ಲಿ ಶಿರಹಟ್ಟಿ ಬಸ್ಸು ಬಂತು. "ಬರ್ತೀನ್ರಿ" ಎಂದು ಓಡಿ ಹತ್ತಿಕೊಂಡ.

ಅಲ್ಲಿಂದ ನಾನು ಡೋಣಿ ಎಂಬ ಹಳ್ಳಿಗೆ ಹೋದೆ. ರೈತರ ಸಭೆ ಇತ್ತು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ಹಿಂದೆ ದಾರಿ ನೋಡುತ್ತ, "ಸಾಹೇಬ್ರು ಹಿಂದಿಂದ ಬರಾಕತ್ತಾರೇನ್ರಿ?" ಎಂದು ಕೇಳಿದರು.

"ಯಾರೂ ಬರಂಗಿಲ್ರಿ. ನಾನ ಮ್ಯಾನೇಜರ್."

"ಹೌದೇನು? ಕುಂಡ್ರಿ ಹಂಗಾರ, ಚಾ ತರಿಸ್ತೀನಿ."

ಸಭೆ ಚೆನ್ನಾಗಿ ನಡೆಯಿತು. ಹೆಸರುಕಾಳಿನ ಬೀಜದ ಬಗ್ಗೆ ಹೆಂಗಸರೂ ಮುಂದೆ ಬಂದು ಪ್ರಶ್ನೆ ಕೇಳಿದರು. ಇಳಿಹೊತ್ತಿಗೆ ಬೆಟಗೇರಿಯ ಬಾಡಿಗೆ ಮನೆಗೆ ಬಂದು ಬೀಗ ತೆಗೆದೆ. ಆ ದಿನದ್ದನ್ನು ಯಾರಿಗಾದರೂ ಹೇಳಬೇಕೆನಿಸಿ ತಂಗಿಗೆ ಫೋನ್ ಮಾಡಿದೆ. ಅವಳ ಮನೆಗೆ ಬೀಗರು ಬಂದಿದ್ದರು. "ಆಮ್ಯಾಲ ಮಾಡ್ತೀನಿ ಅಕ್ಕಾ" ಎಂದಳು. ಆಗಲಿ ಎಂದು ಫೋನಿಟ್ಟು, ಫ್ಯಾನ್ ಹಾಕಿಕೊಂಡು ಕುಳಿತೆ.