ಪರಿಶೀಲಕರಿಗೆ ಹಾಕಿದ ಹಸಿ ಚಪ್ಪರ

ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ನಾನು ಸರಕು ತುಂಬುವ ಪೆಟ್ಟಿಗೆಗಳಿಗೆ ಮರ ಕೊಳ್ಳುತ್ತಿದ್ದೆ. ಲೋಕಕಲ್ಯಾಣದ ದೃಷ್ಟಿಯಿಂದ ಅಂಥ ಮಹತ್ತರ ಹುದ್ದೆಯೇನಲ್ಲ. ಆದರೆ ಎರಡು ಸಾವಿರದ ಇಸವಿ ಕಳೆದ ಮೇಲೆ, ಸಮುದ್ರದಾಚೆಯ ನಮ್ಮ ಪ್ರಧಾನ ಕಚೇರಿಗೆ ಭೂಮಂಡಲದ ಸಮಸ್ತ ಅರಣ್ಯಗಳ ಮೇಲೂ ಒಮ್ಮೆಗೇ ಕರುಣೆ ಉಕ್ಕಿತು. 'ಮರ ಖರೀದಿ ನೀತಿ' ಅವತರಿಸಿತು. ಕಡಿದ ಮರದ ಜಾಗದಲ್ಲಿ ಎಳೆಯ ಮರ ಬೆಳೆಯುತ್ತಿರುವುದನ್ನು ಪರಿಶೀಲಕರು ಕಣ್ಣಾರೆ ಕಂಡರಷ್ಟೇ ಆ ತೋಪಿನಿಂದ ಖರೀದಿ.

ನೀತಿ ಒಳ್ಳೆಯದೇ. ತಕರಾರೆತ್ತುವ ಪಾಪಿ ನಾನಲ್ಲ.

ನಮಗೆ ಮರ ಕೊಡುತ್ತಿದ್ದವರು ಹೆಮ್ಮಿಗೆಯ ಒಬ್ಬ ರೈತರು. ನಾಲೆಯ ನೀರು ಹತ್ತದ ದಿಬ್ಬದಲ್ಲಿ ಅವರ ನೀಲಗಿರಿ ತೋಪು. ನಾವು ಬಿಟ್ಟರೆ ಗಿರಾಕಿಗಳೆಂದರೆ ಇಟ್ಟಿಗೆ ಗೂಡಿನವರೇ. "ಗೂಡಿಗೆ ಆಕಕ್ಕೆ ಮರ ಬೆಳಿಬೇಕಾ ಸಾ? ನೀವು ಬ್ಯಾಡ ಅಂದ್ರೆ ತೋಪೇ ತೆಗ್ದಾಕ್ತೀನಿ" ಎಂದಿದ್ದರು. ಅನ್ನುವವರಷ್ಟೇ ಅಲ್ಲ, ಮಾಡುವವರೇ.

ಪರಿಶೀಲನೆಗೆ ಮುಂಚೆ ನಾನೇ ಹೋಗಿ ನೋಡಿ ಬಂದೆ. ಕಬ್ಬಿನ ಕೂಳೆಯಂತೆ, ಕಡಿದ ಬುಡಗಳಿಂದ ಚಿಗುರಿದ ಎಳೆ ಮರಗಳು ಆಳೆತ್ತರ ಮೀರಿ ನೆಟ್ಟಗೆ ನಿಂತಿದ್ದವು. ಇಷ್ಟು ತೋರಿಸಿದರೆ ಸಾಕೆಂದು ಹೇಳಿ ನಿಶ್ಚಿಂತನಾದೆ.

ಆ ದಿನ ದೆಹಲಿಯಿಂದ ಬಂದ ಪರಿಶೀಲಕರನ್ನು ಜೀಪಿನಲ್ಲಿ ಕರೆದುಕೊಂಡು ಹೋದೆ. ತೋಪಿನ ಬಾಯಲ್ಲಿ ಭರ್ಜರಿ ಚಪ್ಪರ! ತೆಂಗಿನ ಗರಿ, ಮಾವಿನ ತೋರಣ, ಟವೆಲು ಹೊದಿಸಿದ ಕುರ್ಚಿ, ಎಳನೀರು. ಚಪ್ಪರದಾಚೆ ನೋಡಿದೆ. ಎಳೆ ಮರ ಒಂದೂ ಇಲ್ಲ.

"ಎಳೇ ಮರ ಎಲ್ಲಿ ಸ್ವಾಮಿ?"

"ನಿಮ್ ತಲೆ ಮೇಲೇ ಅವಲ್ಲ ಸಾ!" ರೈತರು ಹೆಮ್ಮೆಯಿಂದ ಚಪ್ಪರದ ಗಳಗಳನ್ನು ತೋರಿಸಿದರು. "ಒಣಗಿದ ಗಳದಲ್ಲಿ ಆಕಕ್ಕೆ ಇದೇನು ಸಾವಿನ ಮನೆ ಚಪ್ಪರವಾ? ಮಾನವಂತ್ರು ಬತ್ತಾರೆ ಅಂದ್ಮೇಲೆ ಅಸಿ ಗಳನೇ ಆಗ್ಬೇಕು."

"ಅವರು ನೋಡೋಕೆ ಬಂದಿರೋದೇ ಆ ಮರಾನ ಕಣ್ರೀ!"

"ನೋಡ್ಲಿ ಬುಡಿ. ನೆಳ್ಳಲ್ಲಿ ಕೂತ್ಕಂಡೇ ನೋಡ್ಲಿ."

ಪಕ್ಕದ ಹೊಲದವರೊಬ್ಬರು ಬದುವಿನ ಮೇಲಿಂದ ಕೂಗಿದರು: "ಲೇ, ಎಣ್ಣು ನೋಡಕ್ ಬಂದೋರ್ಗೆ ಒಬ್ಬಟ್ಟು ಬಡ್ಸಿ, ಎಣ್ಣ ಮಾವನ ಮನೆಗೆ ಕಳ್ಸ್‌ದಂಗಾಯ್ತು ಕಣ್ಲಾ!"

"ಮುಚ್ಕಂಡೋಗ್ಲಾ! ಕೂಳೆ ಬತ್ತದೆ. ಆರ್ ತಿಂಗ್ಳು ಬುಟ್ಟು ನೋಡು."

ಇದನ್ನೇ ನಾನು ಪರಿಶೀಲಕರಿಗೆ ಇಂಗ್ಲಿಷಿನಲ್ಲಿ ಬಿನ್ನವಿಸಿಕೊಂಡೆ. ಅವರು ಸಭ್ಯರು. ಎಳನೀರು ಕುಡಿದು, ಇನ್ನೊಂದು ಕೇಳಿ, ಅದನ್ನೂ ಮುಗಿಸಿ ಬುಡಗಳ ಫೋಟೋ ತೆಗೆದರು. ಇಂದು ಕಂಡದ್ದನ್ನಷ್ಟೇ ತಾವು ಬರೆಯಬಹುದು, ಮುಂದೆ ಚಿಗುರಲಿರುವುದನ್ನಲ್ಲ ಎಂದರು. ತೋಪು ತಿರಸ್ಕೃತವಾಯಿತು.

ಕೂಳೆ ಬಂತು. ಅವರು ಹೇಳಿದ ಅವಧಿಗೇ, ಮೊದಲಿಗಿಂತ ಸೊಗಸಾಗಿ. ಮತ್ತೊಮ್ಮೆ ಬಂದು ನೋಡಿರೆಂದು ನಾನು ಬೇಡಿದೆ. ಈ ಸುತ್ತು ಮುಗಿಯಿತು, ಮುಂದಿನ ಸುತ್ತಿನವರೆಗೆ ಕಾಯಿರಿ ಎಂದು ಕಚೇರಿಯವರು ಅಪ್ಪಣೆ ಕೊಡಿಸಿದರು. ರೈತರು ಕಾಯಲಿಲ್ಲ. ಜೆಸಿಬಿ ತರಿಸಿ ಬುಡಸಮೇತ ಕೀಳಿಸಿ ಹುರುಳಿ ಬಿತ್ತಿದರು. ನಮ್ಮ ಪೆಟ್ಟಿಗೆಗಳಿಗೆ ಅರ್ಧ ಭೂಮಿ ಸುತ್ತಿ ಹಡಗಿನಲ್ಲಿ ಹಲಗೆ ಬರತೊಡಗಿತು. ಪ್ರತಿ ಹಲಗೆಯ ಮೇಲೂ ಪುಟ್ಟದೊಂದು ಹಸಿರು ಮರದ ಮುದ್ರೆ.

ಮುಂದೊಮ್ಮೆ ಟಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕಿದರು. ನಾನು ಮುಖ ತಿರುಗಿಸುವ ಮೊದಲೇ ಹಿಡಿದರು.

"ಆ ಸಾಹೇಬ್ರು ಮತ್ತೆ ಬಂದ್ರೆ ಒಂದ್ ಮಾತೇಳಿ ಸಾ. ಉಳ್ಳಿ ವಲ್ದಲ್ಲಿ ಚಪ್ಪರಕ್ಕೆ ಗಳ ಸಿಕ್ಕಲ್ಲ. ಛತ್ರಿ ತರಕ್ಕೇಳಿ."